ಕೆರೆ ತುಂಬಿದ ಕಡೆಗೆ ಹೊರಡುವ ಮನೆ

ತುಮಕೂರು ಸೀಮೆಯಲ್ಲಿ ನೀರಿನ ದಡದಲ್ಲೊಂದು ಮನೆ ಮಾಡಿಕೊಂಡು ನಿವೃತ್ತಿಯ ದಿನಗಳನ್ನು ಕಳೆಯಬೇಕೆಂದು ಬಯಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೆಂದರೆ, ಆ ನೀರು ಅಲ್ಲಿ ಎಷ್ಟು ತಿಂಗಳು ನಿಲ್ಲುತ್ತದೆ ಎಂಬುದು. ಜಿಲ್ಲೆಯ ಬಹುಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಆರೇಳುನೂರು ಮಿಲಿಮೀಟರಿನ ಆಸುಪಾಸಿನದು. ಪಾವಗಡ, ಶಿರಾ ಕಡೆ ಅದಕ್ಕಿಂತ ಕಡಿಮೆ. ಕೆರೆಗೆ ನೀರು ತರುವ ದೊಡ್ಡ ಮಳೆಗಳು ಬಹುಮಟ್ಟಿಗೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಬರುತ್ತವೆ. ಅವೂ ಒಂದು ಹೋಬಳಿಯಲ್ಲಿ ಬದು ಕೊಚ್ಚಿಹೋಗುವಂತೆ ಸುರಿದು, ಪಕ್ಕದ ಹೋಬಳಿಯಲ್ಲಿ ಧೂಳು ಅಡಗುವಷ್ಟೂ ಬೀಳದೆ ಮುಂದೆ ಸಾಗುತ್ತವೆ. ಒಂದು ಕೆರೆ ಕೋಡಿ ಬಿದ್ದ ವರ್ಷವೇ ಎರಡು ಹರದಾರಿ ಆಚೆಯ ಇನ್ನೊಂದು ಕೆರೆಯಂಗಳದಲ್ಲಿ ಜಾಲಿ ಗಿಡಗಳ ನಡುವೆ ಕುರಿಗಳು ಮೇಯುತ್ತಿರುತ್ತವೆ. ನೆರೆಯ ಹಿರಿಯೂರಿನ ವಾಣಿವಿಲಾಸ ಸಾಗರವೇ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರ ತನಕ ಕಾಯಬೇಕಾಯಿತು ಎಂದಮೇಲೆ, ಊರ ಮುಂದಿನ ಸಣ್ಣ ಕೆರೆಗಳ ಪಾಡನ್ನು ಬೇರೆ ಹೇಳಬೇಕಾಗಿಲ್ಲ. ಇಂಥ ಸೀಮೆಯಲ್ಲಿ ಮನೆಯನ್ನು ಒಂದೆಡೆ ಕಟ್ಟಿ ನೀರಿಗಾಗಿ ಕಾಯುವುದಕ್ಕಿಂತ, ನೀರು ನಿಂತ ಕಡೆಗೆ ಮನೆಯೇ ಹೋಗುವುದು ಸರಿಯೆಂದು ನಾವಿಬ್ಬರೂ ತೀರ್ಮಾನಿಸಿದೆವು. ಮೋಟಾರು ಮನೆ ಕೊಂಡದ್ದಕ್ಕೆ ಕಾರಣ ಇಷ್ಟೇ. ದೇಶ ಸುತ್ತಬೇಕೆಂಬ ಆಸೆ ನಮಗೆ ಅಷ್ಟಾಗಿ ಇರಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ನಮ್ಮ ಯಜಮಾನರು ಸಣ್ಣ ನೀರಾವರಿ ಇಲಾಖೆಯಲ್ಲಿ ದುಡಿದು, ಕೆರೆಗಳ ಏರಿ, ತೂಬು, ಕೋಡಿಗಳನ್ನು ನೋಡಿಕೊಳ್ಳುತ್ತಲೇ ತಲೆ ನರೆಸಿಕೊಂಡವರು. ಯಾವ ಕೆರೆಗೆ ಯಾವ ಹಳ್ಳದಿಂದ ನೀರು, ಯಾವ ಕೆರೆಯ ಕೋಡಿ ನೀರು ಕೆಳಗಿನ ಯಾವ ಕೆರೆಗೆ ಇಳಿಯುತ್ತದೆ, ಎಲ್ಲಿ ಹೂಳು ಎಷ್ಟು ತುಂಬಿದೆ ಎಂಬುದನ್ನು ಅವರು ಕಾಗದ ನೋಡದೆ ಹೇಳಬಲ್ಲರು. ನನಗೆ ಗೊತ್ತಿರುವುದು ಆ ನೀರಿನೊಳಗಿನ ಹುಳು, ಮೀನು, ಪಾಚಿಗಳ ವಿಚಾರ. ಪುಕ್ಕ, ದಾರಗಳಿಂದ ಕಟ್ಟಿದ ಕೃತಕ ಹುಳುವನ್ನು ಬೀಸಿ ಮೀನು ಹಿಡಿಯುವ ಫ್ಲೈ ಫಿಶಿಂಗ್ ಎಂಬ ಹವ್ಯಾಸ ಈ ಎರಡು ತಿಳಿವಳಿಕೆಗಳನ್ನೂ ಕೇಳುತ್ತದೆ. ಆದ್ದರಿಂದಲೇ ಅದು ನಮ್ಮಿಬ್ಬರ ದಿನಗಳನ್ನೂ ಇಷ್ಟು ಚೆನ್ನಾಗಿ ತುಂಬಿದೆ ಎಂದು ನಂಬಿದ್ದೇನೆ.

ಗಾಡಿಯ ವಿಚಾರದಲ್ಲಿ ಕಾನೂನಿನ ಮಾತನ್ನು ಮೊದಲು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹಳೆಯ ಟೆಂಪೋ ಟ್ರಾವೆಲರ್ ಕೊಂಡು ಒಳಗೆ ಮಂಚ, ಒಲೆ ಕೂರಿಸಿಕೊಂಡರೆ ಸಾಕಲ್ಲವೇ ಎಂದು ಬಹಳ ಮಂದಿ ಕೇಳುತ್ತಾರೆ. ಸಾಲದು. ನೋಂದಣಿ ಪತ್ರದಲ್ಲಿ ಇರುವ ತಯಾರಕರ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಮೋಟಾರ್ ಕ್ಯಾರವಾನ್, ಅಂದರೆ ಮೋಟಾರು ಮನೆ, ಎಂಬುದು ಪ್ರತ್ಯೇಕ ವರ್ಗ, ಅದಕ್ಕೆ ಎಐಎಸ್-124 ಎಂಬ ಮಾನದಂಡವಿದೆ. ಆ ಮಾನದಂಡಕ್ಕೆ ಒಪ್ಪಿಗೆ ಪಡೆದವರಿಂದ ಕಟ್ಟಿಸಿದ ಗಾಡಿಯನ್ನು ಅದೇ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬೇಕು. ಖರ್ಚು ಹೆಚ್ಚು, ನಿಜ. ಆದರೆ ಅಪಘಾತವಾದ ದಿನ ವಿಮೆಯವರು ಕೇಳುವ ಮೊದಲ ಕಾಗದ ಇದೇ ಆಗಿರುತ್ತದೆ. ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಗಾಡಿಯಾದರೆ ಲಘು ವಾಹನದ ಲೈಸೆನ್ಸ್ ಸಾಕಾಗುತ್ತದೆ.

ಒಳಗಿನ ವ್ಯವಸ್ಥೆ ಸರಳವಾದುದು. ಚಾವಣಿಯ ಮೇಲೆ 400 ವ್ಯಾಟಿನ ಸೌರ ಫಲಕಗಳು, ಸೀಟಿನ ಕೆಳಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಬಿಸಿಲಿನ ವಿಷಯದಲ್ಲಿ ನಮ್ಮ ಜಿಲ್ಲೆ ಧಾರಾಳಿ. 2,050 ಮೆಗಾವ್ಯಾಟಿನ ಪಾವಗಡದ ಸೌರ ಪಾರ್ಕ್ ಎದ್ದದ್ದು ಆ ಬಿಸಿಲನ್ನು ನಂಬಿಯೇ. ಫ್ಯಾನು, ದೀಪ, ಸಣ್ಣ ಫ್ರಿಜ್ಜು, ಫೋನು ಇಷ್ಟಕ್ಕೆ ನಮಗೆ ಕರೆಂಟಿನ ಕೊರತೆಯಾಗಿಲ್ಲ. ಐದು ಕಿಲೋ ಸಿಲಿಂಡರಿನ ಮೇಲೆ ಮುದ್ದೆ, ಹುರುಳಿ ಸಾರು ಆಗುತ್ತದೆ. ರಾಗಿಹಿಟ್ಟು, ಹುರುಳಿ, ಹುಣಸೆಹಣ್ಣು, ಒಣಮೆಣಸಿನಕಾಯಿ ಇವು ಕೆಡುವ ಪದಾರ್ಥಗಳಲ್ಲವಾದ್ದರಿಂದ ಬಯಲುಸೀಮೆಯ ಅಡುಗೆಮನೆಯನ್ನು ಗಾಡಿಗೆ ಏರಿಸುವುದು ಕಷ್ಟವಾಗಲಿಲ್ಲ. ನಿಜವಾಗಿ ಯೋಚಿಸಬೇಕಾದದ್ದು ಹೊರಹೋಗುವ ನೀರಿನ ವಿಷಯ. ಪಾತ್ರೆ ತೊಳೆದ ನೀರಾಗಲಿ ಸೋಪಿನ ನೀರಾಗಲಿ ಒಂದು ಹನಿಯೂ ಕೆರೆಗೆ ಸೇರಬಾರದೆಂಬುದು ನಮ್ಮ ಮೊದಲ ಕಟ್ಟಳೆ. ಸೋಪಿಲ್ಲದ ನೀರನ್ನು ಹತ್ತಿರದ ತೋಟದವರನ್ನು ಕೇಳಿ ತೆಂಗಿನ ಪಾತಿಗೆ ಬಿಡುತ್ತೇವೆ, ಉಳಿದದ್ದನ್ನೂ ಶೌಚದ ಡಬ್ಬಿಯನ್ನೂ ಊರಿಗೆ ಮರಳಿದಾಗ ಮನೆಯ ಒಳಚರಂಡಿಗೇ ಖಾಲಿ ಮಾಡುತ್ತೇವೆ.

ಗಾಡಿ ನಿಲ್ಲಿಸುವ ಜಾಗದ ಬಗ್ಗೆ ಯಜಮಾನರ ಮಾತೇ ಅಂತಿಮ. ಏರಿಯ ಮೇಲೆ ನಿಲ್ಲಿಸಬಾರದು. ಅದು ಮಣ್ಣಿನ ಕಟ್ಟೆ, ರೈತರ ಎತ್ತಿನ ಗಾಡಿ, ಟ್ರ್ಯಾಕ್ಟರುಗಳ ದಾರಿ. ತೂಬಿನ ಹತ್ತಿರ ನಿಲ್ಲಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನೀರು ಹಿಂದೆ ಸರಿದ ಕೆರೆಯಂಗಳಕ್ಕೆ ಗಾಡಿಯನ್ನು ಇಳಿಸಲೇಬಾರದು: ಮೇಲೆ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುವ ಗೋಡುಮಣ್ಣಿನ ಕೆಳಗೆ ಮೊಣಕಾಲುದ್ದ ಕೆಸರು ಇರುತ್ತದೆ, ಮೂರು ಟನ್ನಿನ ಗಾಡಿ ಅದರೊಳಗೆ ಕೂತರೆ ಎತ್ತಲು ಜೆಸಿಬಿಯೇ ಬರಬೇಕು. ಗ್ರಾಮದೇವತೆಯ ಗುಡಿಯ ಮುಂದಿನ ಬಯಲು, ರಜೆಯ ದಿನಗಳಲ್ಲಿ ಶಾಲೆಯ ಆವರಣ, ಪರಿಚಯದವರ ತೋಟದ ಅಂಚು ಇವು ನಮಗೆ ಒಗ್ಗಿದ ತಾಣಗಳು, ಮೂರಕ್ಕೂ ಕೇಳಿಯೇ ಹೋಗುತ್ತೇವೆ. ಕುಣಿಗಲ್ ತಾಲ್ಲೂಕಿನ ಒಂದು ಊರಿನಲ್ಲಿ ಮೇಕೆ ಹೊಡೆದುಕೊಂಡು ಬಂದ ಅಜ್ಜಿಯೊಬ್ಬರು ಬಾಗಿಲಲ್ಲಿ ಇಣುಕಿ, "ಯಾಕವ್ವ, ಮನೆ ಮಠ ಇಲ್ವಾ ನಿಮ್ಗೆ?" ಎಂದು ನಿಜವಾದ ಕನಿಕರದಿಂದ ಕೇಳಿದರು. ತುಮಕೂರಿನಲ್ಲಿ ಮನೆ ಇದೆಯೆಂದೂ, ಮಕ್ಕಳು ಬೆಂಗಳೂರಿನಲ್ಲಿ ಚೆನ್ನಾಗಿದ್ದಾರೆಂದೂ, ನಾವು ಕೆರೆ ನೋಡಿಕೊಂಡು ನಾಲ್ಕು ದಿನ ಇರಲು ಬಂದಿದ್ದೇವೆಂದೂ ಹೇಳಿದ ಮೇಲೆ ಅವರು ಒಳಗೆ ಬಂದು ಕೂತು, ಆ ಕೆರೆ ಕಡೆಯ ಸಲ ಯಾವಾಗ ತುಂಬಿತ್ತು, ಆಗ ಯಾರ ಮದುವೆ ನಿಂತುಹೋಯಿತು ಎಂಬುದನ್ನೆಲ್ಲ ವಿವರವಾಗಿ ಹೇಳಿದರು. ಕೆರೆಗಳ ಚರಿತ್ರೆಯನ್ನು ಇಷ್ಟು ಕರಾರುವಾಕ್ಕಾಗಿ ಯಾವ ಕಡತವೂ ಬರೆದಿಟ್ಟಿಲ್ಲ ಎಂದು ಯಜಮಾನರು ಆ ರಾತ್ರಿ ಹೇಳಿದ್ದು ನನಗೆ ನೆನಪಿದೆ.

ಇನ್ನು ಫ್ಲೈ ಫಿಶಿಂಗ್. ನಮ್ಮ ಊರುಗಳಲ್ಲಿ ಎಲ್ಲರೂ ಬಲ್ಲ ಗಾಳದಲ್ಲಿ ಎರೆಹುಳುವೋ ರಾಗಿಹಿಟ್ಟಿನ ಉಂಡೆಯೋ ಇರುತ್ತದೆ; ಬೆಂಡಿನ ಅಥವಾ ಸೀಸದ ಗುಂಡಿನ ತೂಕ ದಾರವನ್ನು ನೀರಿಗೆ ಎಳೆದೊಯ್ಯುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಕೊಕ್ಕೆಗೆ ಪುಕ್ಕ, ದಾರ, ಉಣ್ಣೆಗಳನ್ನು ಸುತ್ತಿ ಹುಳುವಿನ ರೂಪ ಕೊಟ್ಟಿರುತ್ತಾರೆ, ಅದೇ ಫ್ಲೈ, ಅದಕ್ಕೆ ಗಾಳಿಯಲ್ಲಿ ಚಲಿಸುವಷ್ಟು ತೂಕವೇ ಇರುವುದಿಲ್ಲ. ಆದ್ದರಿಂದ ಇಲ್ಲಿ ತೂಕವಿರುವುದು ದಾರಕ್ಕೆ. ಐದನೇ ಸಂಖ್ಯೆಯ ದಾರವೆಂದರೆ ಅದರ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ, ಸಂಖ್ಯೆ ಏರಿದಂತೆ ತೂಕವೂ ಏರುತ್ತದೆ. ಒಂಬತ್ತು ಅಡಿಯ ಕೋಲನ್ನು ಹಿಂದಕ್ಕೆ ಎಳೆದು, ತಲೆಯ ಮೇಲೆ ಹಾದುಹೋದ ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ತನಕ ತಾಳಿ, ಆಮೇಲೆ ಮುಂದಕ್ಕೆ ಬೀಸಬೇಕು. ಆ ತಾಳುವ ಕ್ಷಣವೇ ಇಡೀ ವಿದ್ಯೆಯ ಜೀವ. ಬೇಗ ಬೀಸಿದರೆ ಚಾಟಿಯಂತೆ ಸದ್ದಾಗಿ ಫ್ಲೈ ಕಿತ್ತುಹೋಗುತ್ತದೆ. ತಡವಾದರೆ ದಾರ ಹಿಂದೆ ನೆಲಕ್ಕಿಳಿದು ಜಾಲಿ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ತೋಳಿನ ಬಲಕ್ಕೆ ಇಲ್ಲಿ ಕೆಲಸ ಕಡಿಮೆ, ಅರವತ್ತು ದಾಟಿದವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ.

ನಾನು ಇದನ್ನು ಕಲಿತದ್ದು ಹಿಮಾಚಲ ಪ್ರದೇಶದ ತೀರ್ಥನ್ ನದಿಯ ದಡದಲ್ಲಿ, ಅಲ್ಲಿಯ ಒಬ್ಬ ಯುವಕನಿಂದ. ಆ ನದಿಯ ಟ್ರೌಟ್ ಮೀನುಗಳ ಪೂರ್ವಜರನ್ನು ಬ್ರಿಟಿಷರು ನೂರು ವರ್ಷಕ್ಕೂ ಹಿಂದೆ ತಂದು ಬಿಟ್ಟಿದ್ದರು. ನೀಲಗಿರಿಯ ತಣ್ಣನೆಯ ತೊರೆಗಳಿಗೂ ಅವರು ಅದೇ ಕಾಲದಲ್ಲಿ ತಂದು ಬಿಟ್ಟರು. ಲೈಸೆನ್ಸ್ ಪಡೆದು ಹಿಡಿಯಬೇಕು. ಮೊಟ್ಟೆಯಿಡುವ ಕಾಲವಾದ ನವೆಂಬರಿನಿಂದ ಫೆಬ್ರವರಿ ಕೊನೆಯ ತನಕ ಅಲ್ಲಿ ಟ್ರೌಟ್ ಹಿಡಿಯುವುದು ನಿಷಿದ್ಧ. ಆ ವಿದ್ಯೆಯನ್ನು ಬಯಲುಸೀಮೆಗೆ ತಂದಾಗ ಅರ್ಧ ಪಾಠವನ್ನು ಬದಲಿಸಿಕೊಳ್ಳಬೇಕಾಯಿತು. ಟ್ರೌಟ್ ಹರಿಯುವ ನೀರಿನ ಮೀನು, ಬಂಡೆಯ ಮರೆಯಲ್ಲಿ ನಿಂತು ಪ್ರವಾಹ ತಂದುಕೊಟ್ಟ ಹುಳುವನ್ನು ತಿನ್ನುತ್ತದೆ, ಹಾಗಾಗಿ ಅಲ್ಲಿ ಫ್ಲೈಯನ್ನು ನೀರಿನ ಜೊತೆಗೆ ತೇಲಿಬಿಡುವುದೇ ಜಾಣತನ. ಕೆರೆಯ ನೀರು ನಿಂತ ನೀರು. ಇಲ್ಲಿ ಹುಳು ತಾನೇ ತೆವಳಬೇಕು, ಮೇಲೇರಬೇಕು, ನಿಲ್ಲಬೇಕು. ಆ ಚಲನೆಯನ್ನು ಎಡಗೈಯ ಬೆರಳುಗಳಿಂದ ದಾರವನ್ನು ಇಂಚಿಂಚಾಗಿ ಎಳೆದು ಕೊಡಬೇಕು.

ಯಾವ ಹುಳು ಹೇಗೆ ಚಲಿಸುತ್ತದೆ ಎಂದು ತಿಳಿಯಲು ನಾನು ಮಾಡುವುದು ಶಾಲೆಯಲ್ಲಿ ಮಕ್ಕಳಿಂದ ಮಾಡಿಸುತ್ತಿದ್ದ ಕೆಲಸವನ್ನೇ. ಕೆರೆಯ ಅಂಚಿನ ಜೊಂಡಿನ ಬುಡದಿಂದ ಟೀ ಸೋಸುವ ಜಾಲರಿಯಲ್ಲಿ ಒಂದಿಷ್ಟು ಕೆಸರನ್ನು ಬಾಚಿ ಬಿಳಿ ತಟ್ಟೆಗೆ ಸುರಿದು ನೀರು ತಿಳಿಯಾಗಲು ಬಿಡುತ್ತೇನೆ. ಏರೋಪ್ಲೇನ್ ಚಿಟ್ಟೆಯ ಮರಿಗಳು ಮೊದಲು ಕದಲುತ್ತವೆ. ಅವು ಹಿಂಬದಿಯಿಂದ ನೀರು ಚಿಮ್ಮಿಸಿ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತವೆ. ಮೇಫ್ಲೈ ಮರಿಗಳು ಬಾಲದ ಎಳೆಗಳನ್ನು ಅಲ್ಲಾಡಿಸಿಕೊಂಡು ಸಣ್ಣ ಸಣ್ಣ ನೆಗೆತಗಳಲ್ಲಿ ಈಜುತ್ತವೆ. ತಳದ ಕೆಸರಿನಲ್ಲಿ ಕೆಂಪು ನೂಲಿನ ತುಂಡುಗಳಂತೆ ಕೊಂಕುವವು ಒಂದು ಜಾತಿಯ ನುಸಿಯ ಮರಿಗಳು. ಅವುಗಳ ಕೆಂಪಿಗೆ ಕಾರಣ ಹಿಮೋಗ್ಲೋಬಿನ್. ನಮ್ಮ ರಕ್ತದಲ್ಲಿರುವ ಬಗೆಯ ಆ ವಸ್ತುವಿನಿಂದಲೇ ಅವು ಆಮ್ಲಜನಕ ಕಡಿಮೆಯಿರುವ ಕೆಸರಿನಲ್ಲಿ ಬದುಕುತ್ತವೆ. ಈ ಕೆಂಪು ಹುಳುವನ್ನು ಕಟ್ಟುವುದು ಅತಿ ಸುಲಭ: ಸಣ್ಣ ಕೊಕ್ಕೆಯ ಕಾಲಿಗೆ ಕೆಂಪು ರೇಷ್ಮೆ ಎಳೆಯನ್ನು ಒತ್ತಾಗಿ ಸುತ್ತಿ, ತಲೆಯ ಬಳಿ ನವಿಲುಗರಿಯ ಒಂದು ಎಳೆಯನ್ನು ಎರಡು ಸುತ್ತು ತಂದು ಗಂಟು ಹಾಕಿದರೆ ಮುಗಿಯಿತು. ನವಿಲು ತಾನಾಗಿ ಉದುರಿಸಿದ ಬಾಲದ ಗರಿಯನ್ನಲ್ಲದೆ ಬೇರೇನನ್ನೂ ನಾನು ಮುಟ್ಟುವುದಿಲ್ಲ. ಉಳಿದದ್ದಕ್ಕೆ ನಾಟಿ ಹುಂಜದ ಕತ್ತಿನ ಪುಕ್ಕ ಸಾಕು.

ರೇಷ್ಮೆ ನಮ್ಮ ನೆರೆಯ ಶಿಡ್ಲಘಟ್ಟದ್ದು. ಅಲ್ಲಿಯ ಗೂಡಿನ ಮಾರುಕಟ್ಟೆಗೆ ಹೋದಾಗಲೆಲ್ಲ ನನಗೆ ಒಂದು ಸಂಗತಿ ನೆನಪಾಗುತ್ತದೆ. ಈ ಹವ್ಯಾಸಕ್ಕೂ ರೇಷ್ಮೆಹುಳುವಿಗೂ ಇರುವ ನಂಟು ಬಹಳ ಹಳೆಯದು. 1930ರ ದಶಕದ ಕೊನೆಯಲ್ಲಿ ನೈಲಾನ್ ಬರುವ ತನಕ, ದಪ್ಪ ದಾರದ ತುದಿಗೂ ಫ್ಲೈಗೂ ನಡುವೆ ಕಟ್ಟುತ್ತಿದ್ದ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಎಳೆಯನ್ನು ರೇಷ್ಮೆಹುಳುವಿನಿಂದಲೇ ಮಾಡುತ್ತಿದ್ದರು. ಗೂಡು ಕಟ್ಟುವುದಕ್ಕೆ ಸಿದ್ಧವಾದ ಹಣ್ಣುಹುಳುವನ್ನು ವಿನಿಗರ್‌ನಲ್ಲಿ ನೆನೆಸಿ, ಅದರ ರೇಷ್ಮೆ ಗ್ರಂಥಿಯನ್ನು ಹೊರತೆಗೆದು ಕೈಯಿಂದ ಉದ್ದಕ್ಕೆ ಎಳೆದು ಒಣಗಿಸುತ್ತಿದ್ದರು; ಸ್ಪೇನ್ ದೇಶದ ಮುರ್ಸಿಯಾ ಸೀಮೆ ಆ ಕಸುಬಿಗೆ ಹೆಸರಾಗಿತ್ತು. ಬೀಸುವ ದಪ್ಪ ದಾರವೂ ಆಗ ರೇಷ್ಮೆಯದೇ ಆಗಿತ್ತು. ಕೋಲಾರ, ಚಿಕ್ಕಬಳ್ಳಾಪುರದ ಹಿಪ್ಪುನೇರಳೆ ತೋಟಗಳ ನಡುವೆ ಗಾಡಿ ನಿಲ್ಲಿಸಿಕೊಂಡು ಕೊಕ್ಕೆಗೆ ರೇಷ್ಮೆ ಸುತ್ತುವಾಗ, ಇದು ದೂರದ ದೇಶದ ವಿದ್ಯೆ ಎಂಬ ಭಾವನೆ ನನಗೆ ಬರುವುದಿಲ್ಲ.

ನಮ್ಮ ಕೆರೆಗಳಲ್ಲಿ ಈ ಕೆಂಪು ಹುಳುವಿಗೆ ಮೊದಲು ಬರುವ ಮೀನು ಜಿಲೇಬಿ, ಅಂದರೆ ತಿಲಾಪಿಯಾ. ಬೆಳಗಿನ ಗಾಳಿ ಏಳುವ ಮುನ್ನ, ಅಂಚಿನಿಂದ ಹತ್ತು ಹದಿನೈದು ಅಡಿ ಒಳಗೆ, ಸೊಂಟದಾಳದ ನೀರಿನಲ್ಲಿ ಅವು ಓಡಾಡುತ್ತಿರುತ್ತವೆ. ಫ್ಲೈ ತಳ ಮುಟ್ಟುವ ತನಕ ಬಿಟ್ಟು, ಎರಡು ಇಂಚು ಎಳೆದು ನಿಲ್ಲಿಸಿ, ಮತ್ತೆ ಎರಡು ಇಂಚು ಎಳೆದರೆ, ನೀರಿನ ಮೇಲೆ ತೇಲುವ ದಾರದ ತುದಿ ಒಂದು ಕೂದಲಿನಷ್ಟು ಪಕ್ಕಕ್ಕೆ ಸರಿಯುತ್ತದೆ. ಕೈಗೆ ಏನೂ ತಿಳಿಯುವುದಿಲ್ಲ, ಕಣ್ಣಿಗೆ ಮಾತ್ರ ತಿಳಿಯುತ್ತದೆ. ಆಗ ಕೋಲನ್ನು ಮೆಲ್ಲಗೆ ಎತ್ತಬೇಕು. ಜಿಲೇಬಿ ಗಾತ್ರಕ್ಕೆ ಮೀರಿದ ಬಲದಿಂದ ಅಗಲವಾದ ಪಕ್ಕೆಯನ್ನು ಒಡ್ಡಿ ಸುತ್ತು ಹೊಡೆಯುತ್ತದೆ. ಈ ಮೀನು ಆಫ್ರಿಕಾ ಮೂಲದ್ದು, ಭಾರತಕ್ಕೆ ತಂದದ್ದು 1952ರಲ್ಲಿ. ಗಂಡು ಮೀನು ಅಂಚಿನ ಕೆಸರಿನಲ್ಲಿ ದುಂಡನೆಯ ತಗ್ಗು ತೋಡುತ್ತದೆ, ಹೆಣ್ಣು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಬೇಸಿಗೆಯಲ್ಲಿ ನೀರು ಸರಿದ ಮೇಲೆ ಕೆರೆಯಂಗಳದಲ್ಲಿ ಸಾಲಾಗಿ ಕಾಣುವ ತಟ್ಟೆಯಗಲದ ತಗ್ಗುಗಳು ಆ ಗೂಡುಗಳೇ. ಬಾಯಲ್ಲಿ ಮರಿ ಕಾಯುವುದರಿಂದ ಅದರ ಸಂತತಿ ವಿಪರೀತ ಹೆಚ್ಚಿ ಬೇರೆ ಮೀನುಗಳ ಪಾಲಿನ ಮೇವನ್ನೂ ತಿಂದುಬಿಡುತ್ತದೆ. ಹಿಡಿದ ಮೀನನ್ನು ಮರಳಿ ಬಿಡಬೇಕೆಂಬ ಶಿಷ್ಟಾಚಾರ ಫ್ಲೈ ಫಿಶಿಂಗ್ ಮಾಡುವವರಲ್ಲಿ ಬಲವಾಗಿದೆ, ನಾನೂ ಬಹುಮಟ್ಟಿಗೆ ಅದನ್ನು ಪಾಲಿಸುತ್ತೇನೆ, ಆದರೆ ಜಿಲೇಬಿಗೆ ಆ ಶಿಷ್ಟಾಚಾರ ಅನ್ವಯಿಸಬಾರದೆಂದು ನನ್ನ ಖಚಿತವಾದ ಅಭಿಪ್ರಾಯ. ಅದು ನಮ್ಮ ಬಾಣಲೆಗೆ ಹೋಗುತ್ತದೆ. ಆಫ್ರಿಕದ ಕ್ಯಾಟ್‌ಫಿಶ್ ಸಿಕ್ಕರೂ ನೀರಿಗೆ ಮರಳಿಸುವುದಿಲ್ಲ.

ಕೊರಮೀನಿನ ವಿಷಯ ಬೇರೆ. ಅದು ಇಲ್ಲಿಯದೇ ಮೀನು. ಕಿವಿರಿನ ಜೊತೆಗೆ ನೇರವಾಗಿ ಗಾಳಿಯನ್ನೂ ಉಸಿರಾಡುವುದರಿಂದ, ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಹೋಗುತ್ತದೆ. ಜೊಂಡಿನ ಸಂದಿನಲ್ಲಿ ಆ ಸದ್ದು ಕೇಳಿದ ಕಡೆಗೆ ಕಪ್ಪೆಯಂತೆ ಕಟ್ಟಿದ ದೊಡ್ಡ ಫ್ಲೈಯನ್ನು ಎಸೆದು ನೀರಿನ ಮೇಲೆ ಕುಪ್ಪಳಿಸುವಂತೆ ಎಳೆದರೆ ಒಡೆದುಕೊಂಡು ಬರುತ್ತದೆ. ಒಮ್ಮೆ ಮಳೆಗಾಲದಲ್ಲಿ, ಜೊಂಡಿನ ನಡುವಿನ ಒಂದು ಮೊಳದಗಲದ ತೆರವಿನಲ್ಲಿ ನೀರು ಕುದಿಯುತ್ತಿರುವಂತೆ ಕಂಡಿತು. ನೂರಾರು ಎಳೆಯ ಮರಿಗಳು, ಕುಂಕುಮದ ಬಣ್ಣದವು, ಒಂದೇ ಗುಂಪಾಗಿ ಮೇಲೆದ್ದು ಗಾಳಿ ಕುಡಿದು ಕೆಳಗಿಳಿಯುತ್ತಿದ್ದವು. ಅವುಗಳ ಅಡಿಯಲ್ಲಿ ತಾಯಿಯೋ ತಂದೆಯೋ ಮೊಳದುದ್ದದ ಕಪ್ಪು ನೆರಳಾಗಿ ಸುತ್ತುತ್ತಿತ್ತು. ಮರಿ ಕಾಯುವಾಗ ಕೊರಮೀನು ಹಸಿವಿನಿಂದಲ್ಲ, ಕೋಪದಿಂದ ಕಚ್ಚುತ್ತದೆ, ಆದ್ದರಿಂದ ಆಗ ಅದನ್ನು ಹಿಡಿಯುವುದು ಅತಿ ಸುಲಭ. ಅದು ಕೈಗೆ ಬಂದ ಕೆಲವೇ ನಿಮಿಷಗಳಲ್ಲಿ ಕಾವಲಿಲ್ಲದ ಮರಿಗಳನ್ನು ಬೇರೆ ಮೀನುಗಳು ಮುಗಿಸಿಬಿಡುತ್ತವೆ. ನಾನು ಕೋಲನ್ನು ಮಡಚಿ ಕೂತು ನೋಡಿದೆ. ನನ್ನ ಪಕ್ಕದಲ್ಲಿ ನಿಂತಿದ್ದ ಊರಿನ ಹುಡುಗರಿಗೂ ಕಾರಣ ಹೇಳಿದೆ. ಕೆಂಪು ಮರಿಗಳ ಗುಂಪು ಕಂಡರೆ ಆ ಜಾಗವನ್ನು ಬಿಟ್ಟು ಮುಂದೆ ಹೋಗಬೇಕೆಂದು ಗಾಳ ಹಿಡಿಯುವ ಪ್ರತಿಯೊಬ್ಬರನ್ನೂ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಕೆರೆಯ ಮೀನು ಯಾರದೂ ಅಲ್ಲ ಎಂಬ ತಿಳಿವಳಿಕೆಯೂ ಸರಿಯಲ್ಲ. ಕಟ್ಲ, ರೋಹು, ಮೃಗಾಲ್‌ಗಳು ಉತ್ತರದ ದೊಡ್ಡ ನದಿಗಳ ಮೀನುಗಳು. ನಿಂತ ನೀರಿನಲ್ಲಿ ಅವು ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಚುಚ್ಚುಮದ್ದು ಕೊಟ್ಟು ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಕೆರೆ ಕೆರೆಗೂ ಮರಿ ಹಂಚುವುದು ಸಾಧ್ಯವಾದದ್ದು. ಇಂದು ಕೆರೆಯ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆ ಪಡೆದ ಮೀನುಗಾರರ ಸಹಕಾರ ಸಂಘದವರು ಹಣ ಕೊಟ್ಟು ಮರಿ ತಂದು ಬಿಡುತ್ತಾರೆ, ತಿಂಗಳುಗಟ್ಟಲೆ ಕಾಯುತ್ತಾರೆ. ನಾವು ಯಾವ ಕೆರೆಗೆ ಹೋದರೂ ಮೊದಲು ಸಂಘದವರನ್ನು ಹುಡುಕಿಕೊಂಡು ಹೋಗುತ್ತೇವೆ. "ಬಲೆ ಇಲ್ಲ ತಾನೆ ಮೇಡಮ್ಮೋರೆ? ಗಾಳಕ್ಕಾದ್ರೆ ನಮ್ ಅಧ್ಯಕ್ಷರನ್ನ ಒಂದ್ ಮಾತ್ ಕೇಳ್ಬುಡಿ," ಎಂದು ಕಾವಲುಗಾರ ಹೇಳುತ್ತಾನೆ, ಅಧ್ಯಕ್ಷರು ಸಾಮಾನ್ಯವಾಗಿ ಒಪ್ಪುತ್ತಾರೆ. ಸಂಘದ ಮೀನು ಸಿಕ್ಕರೆ ಬಿಡುತ್ತೇವೆ, ಇಟ್ಟುಕೊಂಡ ಜಿಲೇಬಿಯನ್ನು ತೂಗಿಸಿ ದಡದ ಬೆಲೆ ಕೊಡುತ್ತೇವೆ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರುವುದರಿಂದ ಅದು ಸುಲಭವಾಗಿ ಕಳಚುತ್ತದೆ. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು, ಒಣ ಕೈ ಮೀನಿನ ಮೈಮೇಲಿನ ಲೋಳೆಯನ್ನು ಕಿತ್ತು ರೋಗಕ್ಕೆ ದಾರಿ ಮಾಡುತ್ತದೆ.

ಕಾವೇರಿಗೆ ಹೋಗಿ ಮಹಶೀರ್ ಎಂಬ ದೊಡ್ಡ ನದಿಮೀನನ್ನು ಹಿಡಿಯಬಾರದೇ ಎಂದು ಕೆಲವರು ಕೇಳುತ್ತಾರೆ. 1946ರ ಮಾರ್ಚ್ 22ರಂದು ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಒಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗುವ ಮಹಶೀರ್ ಹಿಡಿದದ್ದು ಇಂದಿಗೂ ಗಾಳ ಹಿಡಿಯುವವರ ಬಾಯಲ್ಲಿದೆ. ಆ ಡುಬ್ಬದ ಮಹಶೀರ್ ಇಂದು ಅಳಿವಿನ ಅಂಚಿಗೆ ಬಂದಿದೆ. 2018ರಲ್ಲಿ ಅದನ್ನು ಅಂತಾರಾಷ್ಟ್ರೀಯ ಕೆಂಪು ಪಟ್ಟಿಯ ತೀವ್ರ ಅಪಾಯದ ವರ್ಗಕ್ಕೆ ಸೇರಿಸಲಾಯಿತು. ಅದನ್ನು ಹಿಡಿಯುವ ಬಯಕೆ ನನಗಿಲ್ಲ, ಉಳಿಯಲಿ ಎಂಬ ಬಯಕೆ ಬಹಳವಿದೆ. ಮೇಲಾಗಿ ನಮಗೆ ಬೇಕಾದಷ್ಟು ನೀರು ಮನೆಯ ಹತ್ತಿರವೇ ಇದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಎರಡು ಹೊಳೆಗಳಲ್ಲಿ ಶಿಂಷಾ ತೆಂಕಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ, ಜಯಮಂಗಲಿ ಬಡಗಣಕ್ಕೆ ತಿರುಗಿ ಪಿನಾಕಿನಿಯನ್ನು ಸೇರುತ್ತದೆ. ಮೊದಲನೆಯದಕ್ಕೆ ಮಾರ್ಕೋನಹಳ್ಳಿಯಲ್ಲೂ ಎರಡನೆಯದಕ್ಕೆ ಕೊರಟಗೆರೆ ತಾಲ್ಲೂಕಿನ ತೀತಾದಲ್ಲೂ ಅಣೆಕಟ್ಟುಗಳಿವೆ. ಒಂದೇ ಬೆಟ್ಟದ ಎರಡು ಮಗ್ಗುಲಿನ ನೀರನ್ನು ಒಂದೇ ದಿನ ಕಂಡು ಬರಬಹುದಾದ ಊರು ನಮ್ಮದು.

ಮಾರ್ಕೋನಹಳ್ಳಿಗೆ ಹೋದಾಗಲೆಲ್ಲ ಯಜಮಾನರು ಗಾಳ ಮುಟ್ಟುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಆ ಜಲಾಶಯದ ಸೈಫನ್ನುಗಳ ಮುಂದೆ ನಿಂತುಬಿಡುತ್ತಾರೆ. ನೀರು ನಿಗದಿತ ಮಟ್ಟ ಮುಟ್ಟಿದೊಡನೆ ಬಾಗಿಲು ಎತ್ತುವವರಿಲ್ಲದೆ ಸೈಫನ್ನು ತಾನಾಗಿ ನೀರನ್ನು ಸೆಳೆದು ಆಚೆ ಹಾಕತೊಡಗುತ್ತದೆ, ಮಟ್ಟ ಇಳಿದು ಗಾಳಿ ಒಳಹೊಕ್ಕೊಡನೆ ತಾನಾಗಿ ನಿಲ್ಲುತ್ತದೆ. ಇದು ಮುನ್ನೆಚ್ಚರಿಕೆ ಕೊಡದೆ ನಡೆಯುವುದರಿಂದ ಕೆಳಗಿನ ಹರಿವಿನಲ್ಲಿ ಇಳಿದು ನಿಂತು ಮೀನು ಹಿಡಿಯುವ ಸಾಹಸ ಯಾರೂ ಮಾಡಬಾರದು. ನಾವು ಹಿನ್ನೀರಿನ ಕಡೆಗೆ, ಅಣೆಕಟ್ಟಿನಿಂದ ಬಹುದೂರ, ಹೊಲಗಳು ನೀರಿಗೆ ಇಳಿಯುವ ಅಂಚಿನಲ್ಲಿ ಇರುತ್ತೇವೆ. ಅಲ್ಲಿ ಮೀನು ಎಲ್ಲಿದೆಯೆಂದು ಹೇಳುವವು ಹಕ್ಕಿಗಳು. ನೀರುಕಾಗೆಗಳು ಸಾಲಾಗಿ ಮುಳುಗೇಳುತ್ತಿದ್ದರೆ ಸಣ್ಣ ಮೀನಿನ ಹಿಂಡು ಆಳದಲ್ಲಿದೆ ಎಂದು ತಿಳಿಯಬೇಕು. ಕೊಳಬಕ ಕದಲದೆ ನಿಂತ ಜಾಗದಲ್ಲಿ ಅವು ಅಂಚಿಗೇ ಬಂದಿರುತ್ತವೆ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಮೇವಿಗಾಗಿ ಹಾರುವ ದಿಕ್ಕನ್ನು ನೋಡಿ, ಆ ಕಡೆಯ ಕೆರೆಯಲ್ಲಿ ನೀರಿದೆಯೆಂದು ತಿಳಿದು ಗಾಡಿ ತಿರುಗಿಸಿದ್ದೂ ಉಂಟು.

ಈ ಜೀವನಕ್ಕೆ ಮೈ ಎಷ್ಟು ಒಗ್ಗುತ್ತದೆ ಎಂಬುದನ್ನು ಹೇಳಬೇಕು. ಮಂಡಿ ನೋವಿರುವವರು ಕೆಸರಿಗೆ ಇಳಿಯದೆ ದಡದಿಂದಲೇ ಬೀಸಬಹುದು, ನಾನೂ ಹೆಚ್ಚಾಗಿ ಹಾಗೆಯೇ ಮಾಡುತ್ತೇನೆ. ಕನ್ನಡಕವಿಲ್ಲದೆ, ಅಗಲ ಅಂಚಿನ ಟೋಪಿಯಿಲ್ಲದೆ ಕೋಲನ್ನು ಕೈಗೆತ್ತಿಕೊಳ್ಳಬಾರದು, ಗಾಳಿಯಲ್ಲಿ ಹಾರುವ ಕೊಕ್ಕೆಗೆ ಕಣ್ಣಿನ ಬೆಲೆ ತಿಳಿಯದು. ಬಿಪಿ ಮಾತ್ರೆ ಮುಗಿಯುವ ಮುನ್ನ ತಾಲ್ಲೂಕು ಕೇಂದ್ರಕ್ಕೆ ಹೋಗಿ ಬರುತ್ತೇವೆ. ಸಂಜೆಯಾದ ಮೇಲೆ ಜೊಂಡಿನ ಹತ್ತಿರ ನಡೆಯುವುದಿಲ್ಲ, ಹಾವುಗಳಿಗೂ ಅದೇ ಹೊತ್ತು ಪ್ರಿಯ. ನಿವೃತ್ತರಿಗೆ ಹೊತ್ತು ಹೋಗುವುದಿಲ್ಲ ಎಂಬ ಮಾತನ್ನು ಸಹೋದ್ಯೋಗಿಗಳಿಂದ ಕೇಳುತ್ತಲೇ ಇರುತ್ತೇನೆ. ಬೆಳಗ್ಗೆ ನೀರು ನೋಡಿ, ಹುಳು ನೋಡಿ, ಅದಕ್ಕೆ ತಕ್ಕ ಫ್ಲೈ ಕಟ್ಟಿ, ಗಾಳಿ ಏಳುವ ತನಕ ಬೀಸಿ, ಮಧ್ಯಾಹ್ನ ಮರದಡಿ ಮಲಗಿ, ನಾಲ್ಕರ ಮೇಲೆ ಮತ್ತೆ ದಡಕ್ಕೆ ಹೋಗುವವಳಿಗೆ ಹೊತ್ತು ಸಾಲುವುದಿಲ್ಲ.

ಕಲಿಯಬೇಕೆನ್ನುವವರು ಮೊದಲ ತಿಂಗಳು ನೀರಿನ ಹತ್ತಿರ ಹೋಗದಿರುವುದೇ ಲೇಸು. ಐದು ಅಥವಾ ಆರನೇ ಸಂಖ್ಯೆಯ ದಾರಕ್ಕೆ ಹೊಂದುವ ಒಂಬತ್ತು ಅಡಿಯ ಕೋಲೊಂದನ್ನು ಕೊಂಡು, ಕೊಕ್ಕೆಯ ಬದಲು ಕೆಂಪು ಉಣ್ಣೆಯ ಚೂರನ್ನು ತುದಿಗೆ ಕಟ್ಟಿ, ಯಾವುದಾದರೂ ಆಟದ ಮೈದಾನದಲ್ಲಿ ಬೆಳಗಿನ ಹೊತ್ತು ಬೀಸಿ ಅಭ್ಯಾಸ ಮಾಡಬೇಕು. ಮೂವತ್ತು ಅಡಿ ದೂರ ನೇರವಾಗಿ ಹೋದರೆ ಕೆರೆಗೆ ಅಷ್ಟು ಸಾಕು.

ಹೇಮಾವತಿಯ ನೀರು ಬಾಗೂರು–ನವಿಲೆ ಸುರಂಗದಿಂದ ಇತ್ತ ಬಂದ ಮೇಲೆ ನಾಲೆಯ ಪಕ್ಕದ ಕೆಲವು ಕೆರೆಗಳಲ್ಲಿ ಬೇಸಿಗೆಯಲ್ಲೂ ಒಂದಿಷ್ಟು ನೀರು ನಿಲ್ಲುತ್ತಿದೆ, ಹಾಗಾಗಿ ನಮ್ಮ ಸುತ್ತಾಟವೂ ಏಪ್ರಿಲ್‌ವರೆಗೆ ಚಾಚಿಕೊಂಡಿದೆ. ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿಯುತ್ತಿದೆ. ಅಲ್ಲಿ ಬೀಸುತ್ತೇನೆ, ಹಕ್ಕಿ ನೋಡುತ್ತೇನೆ, ಅಲ್ಲಿಯ ಮೀನನ್ನು ಅಡುಗೆಗೆ ಮಾತ್ರ ತರುವುದಿಲ್ಲ. ಮುಂದಿನ ಪಯಣ ಜಯಮಂಗಲಿಯ ಕಡೆಗೆ. ಮಳೆ ಅತ್ತ ಚೆನ್ನಾಗಿ ಆಗಿದೆಯೆಂದು ಯಜಮಾನರಿಗೆ ಹಳೆಯ ಸಹೋದ್ಯೋಗಿಗಳಿಂದ ಸುದ್ದಿ ಬಂದಿದೆ. ಅಲ್ಲಿಯ ಸಂಘದವರಿಗೆ ಅರ್ಜಿ ಕೊಟ್ಟಿದ್ದೇವೆ, ಒಪ್ಪಿಗೆ ಬಂದ ಮರುದಿನ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೊರಡುತ್ತೇವೆ.